ಗೇಟಿನ ಮುಂದೆ ಕೂತ ಅತ್ತಿಗೆ

ನಮ್ಮ ಅತ್ತಿಗೆಯ ಬೆರಳ ತುದಿಗಳು ಬೆಂದ ರೇಷ್ಮೆಗೂಡಿನ ಹಾಗೆ ಬೆಳ್ಳಗೆ, ಸುಕ್ಕುಸುಕ್ಕಾಗಿದ್ದವು. ಉಗುರಿನ ಸಂದುಗಳು ಸದಾ ಬಿರಿದಿರುತ್ತಿದ್ದವು. ಆ ಬೆರಳುಗಳ ಬಗ್ಗೆ ಬರೆಯಲು ಕೂತಾಗಲೆಲ್ಲ ಎದ್ದುಹೋಗಿದ್ದೇನೆ. ಇನ್ನೂ ಮುಂದೂಡಲು ನನಗೆ ವಯಸ್ಸು ಉಳಿದಿಲ್ಲ.

ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಒಂದು ಫಿಲೇಚರಿನಲ್ಲಿ ನಾನು ಮೇಸ್ತ್ರಿಯಾಗಿದ್ದೆ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆಯನ್ನು ನಾನೇ ಅಲ್ಲಿ ಸೇರಿಸಿದ್ದೆ. ಕುದಿನೀರಿನಲ್ಲಿ ತೇಲುವ ಗೂಡುಗಳಿಂದ ಎಳೆ ಎತ್ತುವುದು ಹೆಂಗಸರ ಕೆಲಸ. ಆ ಹಬೆಯಲ್ಲಿ ವರ್ಷಗಟ್ಟಲೆ ನಿಂತವರಿಗೆ ಉಸಿರು ಕಟ್ಟುತ್ತಿತ್ತು. ಅತ್ತಿಗೆ ಕೆಮ್ಮುತ್ತಲೇ ನಗುತ್ತಿದ್ದರು: “ಹುಳ ಗೂಡೊಳ್ಗೆ ಬೇಯ್ತದೆ, ನಾವು ಹೊರ್ಗೆ ಬೇಯ್ತೀವಿ. ಅಷ್ಟೇಯ ಯತ್ವಾಸ.”

ಮೈಸೂರು ರಸ್ತೆಯುದ್ದಕ್ಕೂ ಹೊಸ ಕಾರ್ಖಾನೆಗಳು ಏಳುತ್ತಿದ್ದ ಕಾಲ ಅದು. ನಮ್ಮ ಹೆಂಗಸರ ಉಸಿರಾಟದ ಬಗ್ಗೆ ಅಧ್ಯಯನ ಮಾಡಲು ವೈದ್ಯಕೀಯ ಕಾಲೇಜೊಂದರಿಂದ ಡಾಕ್ಟರಮ್ಮ ಬರುವವರಿದ್ದರು. ಅದಕ್ಕೆ ಯಾರನ್ನು ಸೇರಿಸಬೇಕೆಂದು ಆರಿಸಿಕೊಡುವ ಕೆಲಸ ನನ್ನದಾಯಿತು. ಹಬೆಯಿಂದ ಕಾಯಿಲೆಯೆಂದು ಗೊತ್ತಾದರೆ ಇರುವ ಆಳುಗಳೂ ಹೆದರಿ ಆ ಹೊಸ ಕಾರ್ಖಾನೆಗಳಿಗೆ ಹೋಗಿಬಿಟ್ಟಾರೆಂಬ ಭಯ ಫಿಲೇಚರಿನ ಸಾಹುಕಾರರಿಗೆ. “ಕೆಮ್ಮೋರು ಒಬ್ರೂ ಕಣ್ಣಿಗೆ ಬೀಳ್ಬಾರ್ದು,” ಎಂದರು. ಡಾಕ್ಟರಮ್ಮ ಬರುವ ಹಿಂದಿನ ದಿನ ಅಂಥವರಿಗೆಲ್ಲ ನಾನು ರಜ ಕೊಟ್ಟೆ.

“ನನ್ ಕೆಮ್ಮಿಗೂ ರಜವೇನ್ಲಾ?” ಎಂದರು ಅತ್ತಿಗೆ.

ಮರುದಿನ ರಜದವರೆಲ್ಲ ಗೇಟಿನ ಮುಂದೆ ಕೂತಿದ್ದರು. ನಡುವೆ ಅತ್ತಿಗೆ.

ಡಾಕ್ಟರಮ್ಮ ಜೀಪಿನಿಂದಿಳಿದು, “ಇವರೆಲ್ಲ ಯಾರು?” ಎಂದರು. ಸಾಹುಕಾರರು ನನ್ನ ಮುಖ ನೋಡಿದರು.

“ನಮ್ಮಲ್ಲಿ ಕೆಲಸದವರಲ್ಲ, ಮೇಡಂ,” ಎಂದೆ.

ಅತ್ತಿಗೆ ಎದ್ದು ಎರಡೂ ಕೈ ಚಾಚಿದರು. “ಕೆಲ್ಸದೋರಲ್ವಂತೆ! ಹಂಗಾರೆ ಈ ಕೈ ಯಾರ ಮನೆ ಮುಸುರೆ ತಿಕ್ಕಿ ಹಿಂಗಾಗೈತೆ, ನೀವೇ ಯೋಳಿ ತಾಯಿ.”

ಡಾಕ್ಟರಮ್ಮ ಆ ಕೈಗಳನ್ನು ಹಿಡಿದು ನೋಡಿದರು. ಗಟ್ಟಿಮುಟ್ಟಾದವರನ್ನೇ ಪರೀಕ್ಷಿಸಿದರೆ ಹಬೆಯಿಂದ ಏನೂ ಆಗದೆಂದೇ ಬರೆಯಬೇಕಾಗುತ್ತದೆ, ಉಸಿರು ಕಟ್ಟಿ ಕೆಲಸ ಬಿಟ್ಟವರೂ ನಮಗೆ ಬೇಕು ಎಂದರು. ಮೇಸ್ತ್ರಿ ಆರಿಸುವುದು ಅಂದೇ ನಿಂತಿತು. ಕೆಲಸ ಬಿಟ್ಟವರ ಮನೆಗಳನ್ನು ಅತ್ತಿಗೆಯೇ ಮುಂದೆ ನಡೆದು ತೋರಿಸಿದರು. ಒಬ್ಬೊಬ್ಬ ಹೆಂಗಸನ್ನೂ ಅವಳ ಮನೆಯಲ್ಲಿ, ಗಂಡಸರನ್ನು ಹೊರಗೆ ಕಳಿಸಿ, ಡಾಕ್ಟರಮ್ಮ ಪರೀಕ್ಷೆಗೆ ಒಪ್ಪಿಗೆ ಕೇಳಿದರು. ಅತ್ತಿಗೆಯ ಸರದಿಗೆ ನಾನೂ ಒಳಗೆ ನುಗ್ಗಿದೆ.

“ಆಚೆ ನಿಂತ್ಕೊಳ್ಳಾ ಮೈದ್ನ. ಉಸ್ರು ನಂದು, ಒಪ್ಗೆ ನಿಂದಾ?”

ಆ ವಾರವೇ ಸಾಹುಕಾರರು ಅತ್ತಿಗೆಯನ್ನು ಕೆಲಸದಿಂದ ತೆಗೆದರು. ಹೇಳಿಬರಲು ಕಳಿಸಿದ್ದು ನನ್ನನ್ನು. ಅತ್ತಿಗೆ ಕೆಮ್ಮು ಬರುವಷ್ಟು ನಕ್ಕರು. “ನಾನು ಕೆಲ್ಸದೋಳೇ ಅಲ್ಲ ಅಂದಿದ್ಯಲ್ಲ. ಇಲ್ದೋಳ್ನ ಹೆಂಗ್ಲಾ ತೆಗೀತೀಯ?”

ಡಾಕ್ಟರಮ್ಮನ ವರದಿ ಬಂದ ಮೇಲೆ ಫಿಲೇಚರಿನ ಗೋಡೆ ಒಡೆದು, ಹಬೆ ಹೊರಗೆಳೆಯುವ ಫ್ಯಾನು ಕೂರಿಸಿದರು. ಅದರ ಸುಖ ಅತ್ತಿಗೆಗೆ ಸಿಗಲಿಲ್ಲ. ಬದುಕಿರುವವರೆಗೂ ಹಬ್ಬಹಬ್ಬಕ್ಕೆ ನನ್ನನ್ನು ಕರೆದು ಅದೇ ಕೈಯಲ್ಲಿ ಬಡಿಸಿದರು. ತಪ್ಪಾಯಿತು ಎನ್ನದೆಯೇ ಪ್ರತಿಸಲ ಉಂಡು ಎದ್ದುಬಂದೆ.

ಅತ್ತಿಗೆಯ ಮಣ್ಣಿಗೆ ಬಂದಿದ್ದವರೊಬ್ಬರು ಕೇಳಿದರು, “ಯಮ್ಮ ಎಲ್ ಕೆಲ್ಸ ಮಾಡ್ತಿತ್ತು?”

“ನಮ್ ಫಿಲೇಚರಲ್ಲಿ,” ಎಂದೆ.

ಅಂದು ಗೇಟಿನ ಮುಂದೆ, ಅತ್ತಿಗೆ ಆ ಕೈಗಳನ್ನು ಚಾಚುವ ಮೊದಲೇ, ಹೇಳಬೇಕಿದ್ದ ಮಾತು.