ನೋಡದೆ ಬರೆದ ನಾಡಿ

ಆಸ್ಪತ್ರೆಯಲ್ಲಿ ಮಲಗಿದಾಗ ಕಾಲಬಳಿ ಚಾರ್ಟ್ ತೂಗುತ್ತಿರುತ್ತದಲ್ಲ, ಅದರಲ್ಲಿರುವ ನಾಡಿ, ಬಿಪಿಯನ್ನೆಲ್ಲ ನರ್ಸ್ ನೋಡಿಯೇ ಬರೆದಿದ್ದಾಳೆ ಅಂತ ನಂಬಿದ್ದೀರಾ? ಪಾಪ...

ನಾನೂ ನರ್ಸ್ ಆಗಿದ್ದೆ. ಕಥೆ ಕಟ್ಟುತ್ತಿಲ್ಲ. ಈಗ ಫೋನಿನ ಮೇಲೆ ಓಡಾಡುತ್ತಿರುವ ಇದೇ ಬೆರಳು ಅಂದು ಆ ನಾಡಿಯ ಮೇಲಿತ್ತು.

ಎಪ್ಪತ್ತರ ದಶಕದ ಕೊನೆ. ಹುನಗುಂದದ ಕಡೆ ಒಂದು ಸಣ್ಣ ಆಸ್ಪತ್ರೆ, ರಾತ್ರಿ ಪಾಳಿಗೆ ನಾನೊಬ್ಬಳೇ. ಇಳಕಲ್ಲಿನ ನೇಕಾರ ಸಂಗಪ್ಪನನ್ನು ಸಂಜೆ ತಂದು ಮಲಗಿಸಿದ್ದರು. ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದಿದ್ದವು. ಮಾತಿಲ್ಲ, ಎಚ್ಚರವಿಲ್ಲ.

“ಎರಡು ತಾಸಿಗೊಮ್ಮೆ ನಾಡಿ, ಬಿಪಿ ನೋಡ್ರಿ,” ಅಂದರು ಡಾಕ್ಟರು. “ಬೆಳಕು ಹರಿಯೂತನಕ ತಡದ್ರ ಉಳಿತಾನ.”

ಅವನ ಹೆಂಡತಿ ಗಂಗವ್ವ ನೆಲದ ಮೇಲೆ ಕೂತು, ಅವನ ಹಣೆಗೆ ವಿಭೂತಿ ಹಚ್ಚುತ್ತಲೇ ಇದ್ದಳು.

ರಾತ್ರಿ ಪಾಳಿಯವರಿಗೆ ಒಂದು ಕೆಟ್ಟ ಚಾಳಿ ಇತ್ತು. ಹನ್ನೆರಡು, ಎರಡು, ನಾಲ್ಕು ಗಂಟೆಯದನ್ನೆಲ್ಲ ಹತ್ತಕ್ಕೇ ಬರೆದಿಟ್ಟು ಕಣ್ಣು ಮುಚ್ಚುವುದು. ಒಂದೇ ಸಂಖ್ಯೆ ಇದ್ದರೆ ಸಿಕ್ಕಿಬೀಳುತ್ತೇವೆಂದು ಏರಿಸಿ ಇಳಿಸಿ ಬರೆಯುತ್ತಿದ್ದೆವು. ಅಂದೂ ನಾಡಿ ಎಂಬತ್ನಾಲ್ಕು, ತೊಂಬತ್ತಾರು, ನೂರಾ ಹತ್ತು ಅಂತ ಗೀಚಿದೆ, ಬಿಪಿಯನ್ನೂ ಹಾಗೇ. ಆರು ಗಂಟೆಯದು ಮಾತ್ರ ಖಾಲಿ. ಆ ಹೊತ್ತಿಗೆ ಡಾಕ್ಟರು ಬರುತ್ತಿದ್ದರು, ಅದನ್ನು ನೋಡಿಯೇ ಬರೆಯಬೇಕಿತ್ತು.

ಹನ್ನೆರಡಕ್ಕೆ ಗಂಗವ್ವ ನನ್ನನ್ನು ಅಲುಗಿಸಿದಳು. ನರ್ಸನ್ನು ಆ ಕಡೆ ‘ಬಾಯಾರ’ ಅಂತಲೇ ಕರೆಯುವುದು. “ಬಾಯಾರ, ಒಂಚೂರ ಕೈ ಹಿಡದು ನೋಡ್ರಿ. ನನಗ ಯಾಕೋ ಹೆದರಿಕಿ ಬರಾಕತ್ತೈತಿ.”

ಬೇಸರದಿಂದಲೇ ಹಿಡಿದೆ. ಎಂಬತ್ನಾಲ್ಕು.

ಇರಲಿ, ಅಂದುಕೊಂಡೆ. ಆದರೆ ನಿದ್ದೆ ಹತ್ತಲಿಲ್ಲ. ಎರಡಕ್ಕೆ ನಾನೇ ಎದ್ದು ಹೋದೆ. ತೊಂಬತ್ತಾರು. ಬಿಪಿಯ ಪಾದರಸವೂ ನಾನು ಬರೆದಲ್ಲೇ ಬಂದು ನಿಂತಿತು...

ನಾಲ್ಕಕ್ಕೆ ಐದು ನಿಮಿಷವಿದ್ದಾಗಲೇ ಅವನ ಕೈ ಹಿಡಿದು ಕೂತೆ. ಇನ್ನೂ ತೊಂಬತ್ತಾರೇ. ಗೋಡೆ ಗಡಿಯಾರ ನಾಲ್ಕು ಹೊಡೆಯಿತು. ಬೆರಳ ಕೆಳಗೆ ನಾಡಿ ಓಡತೊಡಗಿತು.

ನೂರಾ ಹತ್ತು.

ಚಾರ್ಟ್ ನೋಡಿದೆ. ಮುಂದಿನದು ಖಾಲಿ.

ಬರೆಯಲೇ? ಸುಳ್ಳು ಬರೆಯಲು ಮೊದಲ ಬಾರಿ ಕೈ ಹೆದರಿತು. ನಾನು ಬರೆದದ್ದೇ ಆಗುವುದಾದರೆ, ಬರೆಯಲು ನಾನ್ಯಾರು? ಹುಚ್ಚಿ, ಅಂತ ನನ್ನನ್ನೇ ಬೈದುಕೊಂಡು ಪೆನ್ನು ಕೆಳಗಿಟ್ಟೆ.

ಹೊರಗೆ ಬೆಳಕು ಬರುತ್ತಿತ್ತು. ಅವನ ಉಸಿರು ನಿಂತು ನಿಂತು ಬರತೊಡಗಿತು. ಸ್ಪಿರಿಟ್ ವಾಸನೆಯನ್ನೂ ಮೀರಿ ವಿಭೂತಿಯ ವಾಸನೆ...

ಡಾಕ್ಟರು ಇನ್ನೂ ಬಂದಿರಲಿಲ್ಲ. ಗಡಿಯಾರ ಆರು ಹೊಡೆಯಲು ಶುರು ಮಾಡಿತು. ಬೆರಳ ಕೆಳಗೆ ಏನೂ ಇಲ್ಲ.

“ಬಾಯಾರ... ಏನಾತ್ರಿ?” ಗಂಗವ್ವ ಎದ್ದು ನಿಂತಳು.

ಒಂದು ಕೈ ಅವನ ನಾಡಿಯ ಮೇಲೆಯೇ ಇಟ್ಟು, ಇನ್ನೊಂದರಿಂದ ಸೊಟ್ಟಗೆ ಬರೆದೆ. ಎಪ್ಪತ್ತಾರು.

ಟಕ್.

ಮತ್ತೊಂದು. ಮತ್ತೊಂದು... ಎಣಿಸಿದೆ. ಎಪ್ಪತ್ತಾರು.

ಸಂಗಪ್ಪ ಉಳಿದ. ಅಂದಿನಿಂದ ನೋಡದೆ ಒಂದಂಕಿಯೂ ಬರೆಯಲಿಲ್ಲ. ಯಾರಿಗೂ ಹೇಳಲಿಲ್ಲ, ಗಂಗವ್ವನಿಗೂ.

ಮರುವರ್ಷ ಸೀರೆಗೆಂದು ಇಳಕಲ್ಲಿಗೆ ಹೋದಾಗ ಅವನ ಮನೆಗೂ ಹೋದೆ. ಕಾಲು ಎಳೆಯುತ್ತ ಬಂದ. ಮಾತು ತೊದಲುತ್ತಿತ್ತು, ಆದರೆ ತಿಳಿಯುತ್ತಿತ್ತು. ತಮಾಷೆಗೆ ಕೈ ಚಾಚಿ, “ಕೊಡ್ರಿ, ನಾಡಿ ನೋಡ್ತೇನಿ,” ಅಂದೆ.

ಅವನು ಕೈ ಹಿಂದೆಳೆದುಕೊಂಡ.

“ಈಗ್ಯಾಕ ನೋಡ್ತೀರಿ ಬಾಯಾರ? ಅವತ್ತ ಆರರದು ನೀವು ಬರಿಯೂತನಕ ನಾ ಕತ್ತಲದಾಗ ಎಷ್ಟೊತ್ತ ನಿಂತಿದ್ದೆ, ನಿಮಗೇನ ಗೊತ್ತೈತಿ?”