ಆಂಬುಲೆನ್ಸ್ ಕರೆಗಳನ್ನು ಕ್ಲೌಡಿಗೆ ಸಾಗಿಸುವ ನಿಧಾನಕ್ಕ

ಬೆಳಗಿನ ಐದೂ ಹತ್ತು. ಆಂಬುಲೆನ್ಸ್ ಕಂಟ್ರೋಲ್ ರೂಮಿನ ಹಿಂಬದಿಯ ಕೋಣೆಯಲ್ಲಿ ಒಬ್ಬ ಹೆಂಗಸು ಸ್ವೆಟರಿನ ತೋಳನ್ನು ಅಂಗೈವರೆಗೆ ಎಳೆದುಕೊಂಡು ಕೂತಿದ್ದಾರೆ. ಇವರ ಬಗ್ಗೆ ಬರೆಯಲು ಬಂದ ನಾನು ಹಿಂದಿನ ಕುರ್ಚಿಯಲ್ಲಿ. ಎದುರಿಗೆ ಎರಡು ಪರದೆ, ಪಕ್ಕದಲ್ಲಿ ಸ್ಪೀಕರಿಗೆ ಹಾಕಿದ ಫೋನು. ಫೋನಿನ ಆ ಬದಿಯಲ್ಲಿ, ವಾಹನ ನಿಲ್ಲುವ ಶೆಡ್ಡಿನಲ್ಲಿ ಡ್ರೈವರ್. ಇವರು ಒಂದು ಕೀ ಒತ್ತಿ ಅವನ ಡ್ಯೂಟಿ ಫೋನಿಗೆ ಪರೀಕ್ಷೆಯ ಕರೆ ಕಳಿಸುತ್ತಾರೆ. ಎರಡು ಸೆಕೆಂಡು, ಮೂರು ಸೆಕೆಂಡು.

"ಕೇಳಿಸ್ತು ಅಕ್ಕ."

"ಇನ್ನೊಂದ್ಸಲ ಮಾಡ್ತೀನಿ, ಇರಪ್ಪ."

ಇದು ಒಂಬತ್ತನೆಯ ಸಲ. ಡ್ರೈವರ್ ಗೊಣಗುವುದಿಲ್ಲ, ಅವನಿಗೂ ಅಭ್ಯಾಸವಾಗಿದೆ.

ಜೊತೆಯವರು ಇವರಿಗೆ ಇಟ್ಟಿರುವ ಹೆಸರು ನಿಧಾನಕ್ಕ. ಮೊದಮೊದಲು ಬೆನ್ನ ಹಿಂದೆ ಹಾಗೆ ಕರೆಯುತ್ತಿದ್ದರು, ಈಗ ಎದುರಿಗೇ ಕರೆಯುತ್ತಾರೆ. ಬಾಗಿಲಿಗೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡುವವರು ಮನೆಗೊಬ್ಬರಾದರೂ ಇರುತ್ತಾರಲ್ಲ, ಇವರು ಆ ಪೈಕಿ.

ನಾವು ಆಂಬುಲೆನ್ಸಿಗೆ ಫೋನು ಮಾಡಿದಾಗ ಅದರ ಹಿಂದೆ ಮೂವತ್ತೊಂದು ಪುಟ್ಟ ಪ್ರೋಗ್ರಾಮ್‌ಗಳು ಓಡಾಡುತ್ತವೆ. ಒಂದು ನಮ್ಮ ಜಾಗ ಹುಡುಕುತ್ತದೆ, ಇನ್ನೊಂದು ಹತ್ತಿರದ ವಾಹನ ಆರಿಸುತ್ತದೆ, ಮತ್ತೊಂದು ಡ್ರೈವರನ ಫೋನಿಗೆ ಬಡಿದು ಕರೆ ಮುಟ್ಟಿಸುತ್ತದೆ. ಈವರೆಗೆ ಇವೆಲ್ಲ ಪಕ್ಕದ ಕೋಣೆಯ ಒಂಬತ್ತು ವರ್ಷ ಹಳೆಯ ಯಂತ್ರಗಳಲ್ಲಿದ್ದವು. ಬೇಸಿಗೆಯಲ್ಲಿ ಅವುಗಳ ಮುಂದೆ ಟೇಬಲ್ ಫ್ಯಾನ್ ಇಟ್ಟು ಕಾಪಾಡಬೇಕಿತ್ತು. ಈಗ ಎಲ್ಲವನ್ನೂ ಕ್ಲೌಡಿಗೆ, ಅಂದರೆ ಯಂತ್ರಗಳ ಉಸಾಬರಿಯನ್ನೆಲ್ಲ ತಾನೇ ಹೊತ್ತುಕೊಳ್ಳುವ ಒಂದು ಬಾಡಿಗೆ ಜಾಗಕ್ಕೆ, ಒಂದೊಂದಾಗಿ ಸಾಗಿಸುತ್ತಿದ್ದಾರೆ. ದಿನಕ್ಕೆ ಸುಮಾರು ನಾನೂರ ಇಪ್ಪತ್ತು ಕರೆ ಬರುತ್ತದೆ. ಬೆಳಗಿನ ಐದರಿಂದ ಆರರವರೆಗೆ ತೀರಾ ಕಡಿಮೆ, ಆರೇಳು. ಹಾಗಾಗಿ ಸಾಗಣೆಯೆಲ್ಲ ಆ ಒಂದು ಗಂಟೆಯಲ್ಲೇ.

"ಇದೂ ಮನೆ ಖಾಲಿ ಮಾಡಿದ ಹಾಗೇನೇ," ಎನ್ನುತ್ತಾರೆ ನಿಧಾನಕ್ಕ. "ಆದ್ರೆ ಹಾಲು ಒಲೆ ಮೇಲಿದ್ದ ಹಾಗೇ ಸಾಗಿಸ್ಬೇಕು. ಉಕ್ಕಬಾರ್ದು."

ಒಮ್ಮೆ ಉಕ್ಕಿದೆ. ಎರಡು ತಿಂಗಳ ಹಿಂದಿನ ಮಾತು. ಇಪ್ಪತ್ತೆರಡನೆಯ ಪ್ರೋಗ್ರಾಮಿಗೆ ಕೆಲಸ ಬಹಳ ಕಡಿಮೆ. ಊರಿನ ಎಲ್ಲ ವಾಹನಗಳೂ ಹೊರಗಿದ್ದಾಗ ಪಕ್ಕದ ಊರಿನದನ್ನು ಕೇಳುವುದಷ್ಟೇ ಅದರ ಪಾಲಿನದು. ವಾರಕ್ಕೆ ಎರಡು ಮೂರು ಸಲ. ಕ್ಲೌಡಿನಲ್ಲಿ ಸುಮ್ಮನಿರುವ ಪ್ರೋಗ್ರಾಮನ್ನು ಖರ್ಚು ಉಳಿಸಲು ಮಲಗಿಸಿಬಿಡುತ್ತಾರೆ, ಕರೆ ಬಂದಾಗ ಎಬ್ಬಿಸುತ್ತಾರೆ. ಮಲಗಿಸಬೇಡಿ ಎಂದು ಸಾಗಿಸುವವರೇ ಗುರುತು ಹಾಕಬೇಕು. ನಿಧಾನಕ್ಕ ಹಾಕಿರಲಿಲ್ಲ. ಒಂದು ಸಂಜೆ, ಮನೆಯಲ್ಲಿ ಕುಸಿದು ಬಿದ್ದ ಮುದುಕರೊಬ್ಬರಿಗಾಗಿ ಕರೆ ಬಂತು. ಪ್ರೋಗ್ರಾಮ್ ಎದ್ದೇಳಲು ನಲವತ್ತೇಳು ಸೆಕೆಂಡು ಹಿಡಿಯಿತು. ಅದರ ಉತ್ತರಕ್ಕೆ ಕಾಯುತ್ತಿದ್ದ ಇನ್ನೊಂದು ಪ್ರೋಗ್ರಾಮ್ ಮೂವತ್ತು ಸೆಕೆಂಡಿಗೇ ಕೈಬಿಟ್ಟಿತ್ತು. ಕರೆ ತೆಗೆದುಕೊಂಡಾಕೆ ಅದನ್ನು ಗಮನಿಸಿ ಪಕ್ಕದ ಊರಿಗೆ ತಾನೇ ಫೋನು ಹಚ್ಚುವಷ್ಟರಲ್ಲಿ ಆರು ನಿಮಿಷ ಕಳೆದಿತ್ತು.

"ಚಿಕ್ಕದು, ಇದೇನು ಮಹಾ ಅಂತ ಉಡಾಫೆ ಮಾಡ್ದೆ," ಎನ್ನುತ್ತಾರೆ. ಆ ಘಟನೆಯ ವರದಿಯಲ್ಲಿ ಯಾರ ಹೆಸರೂ ಇಲ್ಲ. ಮೇಲಿನವರು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತೇನೋ ಎಂದು ನನಗೆ ಅನ್ನಿಸುತ್ತದೆ. ಇವರ ಗಂಡ ಹೊಲಿಗೆ ಯಂತ್ರ ರಿಪೇರಿ ಮಾಡುವವರು, ಹೆಚ್ಚು ಮಾತಿಲ್ಲ. ಅವರು ನನಗೆ ಹೇಳಿದ್ದು ಇಷ್ಟೇ: "ನಿದ್ದೇಲೂ ಎಣಿಸ್ತಾಳೆ. ನಲವತ್ತೇಳಕ್ಕೆ ಎದ್ದು ಕೂರ್ತಾಳೆ."

ಇವತ್ತು ಸಾಗುತ್ತಿರುವುದು ಮೂವತ್ತೊಂದನೆಯದು, ಕಡೆಯದು, ಡ್ರೈವರನ ಫೋನಿಗೆ ಬಡಿಯುವಂಥದ್ದು. ಇದು ಮೌನವಾದರೆ ಊರಿನ ಹದಿನಾಲ್ಕು ವಾಹನಗಳೂ ನಿಂತಲ್ಲೇ ನಿಲ್ಲುತ್ತವೆ. ಐದೂವರೆಗೆ ನಿಧಾನಕ್ಕ ಕರೆಗಳ ದಾರಿಯನ್ನು ಹಳೆಯ ಯಂತ್ರದಿಂದ ಕ್ಲೌಡಿಗೆ ಬದಲಿಸುತ್ತಾರೆ. ಹಳೆಯ ಯಂತ್ರಕ್ಕೆ ಮರಳುವ ಕೀ ಮೇಲೆ ಎಡಗೈ ಬೆರಳು ಇಟ್ಟೇ ಇದ್ದಾರೆ.

ಐದೂ ನಲವತ್ತೊಂದಕ್ಕೆ ನಿಜವಾದ ಕರೆ ಬರುತ್ತದೆ. ಒಬ್ಬಾಕೆಯ ಗಂಡನಿಗೆ ಎದೆನೋವು. ಪರದೆಯಲ್ಲಿ ಕರೆ ಒಂದೊಂದೇ ಮೆಟ್ಟಿಲು ದಾಟಿ ಕೊನೆಯದಕ್ಕೆ ಬಂದು ನಿಲ್ಲುತ್ತದೆ. ಡ್ರೈವರ್ ಒಪ್ಪಲು ಸಾಮಾನ್ಯವಾಗಿ ನಾಲ್ಕು ಸೆಕೆಂಡು ಸಾಕು. ಐದಾಗುತ್ತದೆ, ಏಳಾಗುತ್ತದೆ. ನಿಧಾನಕ್ಕನ ತುಟಿ ಎಣಿಸುತ್ತಿದೆ. ಒಂಬತ್ತು. ಹನ್ನೊಂದಕ್ಕೆ ಹಸಿರು ದೀಪ.

"ಯಾಕಪ್ಪ ಅಷ್ಟು ಹೊತ್ತು?" ಇವರು ಸ್ಪೀಕರಿನತ್ತ ಬಾಗಿ ಕೇಳುತ್ತಾರೆ.

"ಫೋನು ಆಗ್ಲೇ ಬಡ್ಕೊಳ್ತು ಅಕ್ಕ. ಬಾಯ್ತುಂಬ ಪೇಸ್ಟಿತ್ತು, ಉಗಿದು ಬಂದು ಎತ್ತಿದೆ," ಎನ್ನುತ್ತಾನೆ ಡ್ರೈವರ್, ಸೈರನ್ನಿನ ನಡುವೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಜೊತೆಯವರು ನಗುತ್ತಾರೆ. ಇವರು ನಗುವುದಿಲ್ಲ. ವಾಹನ ಆ ಮನೆ ಮುಟ್ಟಿತೆಂದು ಪರದೆ ಹೇಳಿದ ಮೇಲೆಯೇ ಕೀ ಮೇಲಿನ ಬೆರಳು ತೆಗೆಯುತ್ತಾರೆ.

ಎಂಟಕ್ಕೆ ಬಂದ ಮ್ಯಾನೇಜರ್ ಕೈ ಕುಲುಕಿ, ಹಳೇ ಯಂತ್ರ ಇವತ್ತೇ ಬಂದ್ ಮಾಡೋಣವೇ ಎಂದು ಕೇಳುತ್ತಾರೆ. "ಒಂದು ವಾರ ಇರ್ಲಿ ಸಾರ್," ಎನ್ನುತ್ತಾರೆ ನಿಧಾನಕ್ಕ. ಅವರು ಕೇಳಿಕೊಂಡಿದ್ದು ಅಷ್ಟೇ.

ಹೊರಡುವಾಗ ನಾನು ಆ ಮುದುಕರ ವಿಷಯ ಎತ್ತುತ್ತೇನೆ. ಅವರು ಬದುಕಿದರೋ ಇಲ್ಲವೋ ಇವರಿಗೆ ಗೊತ್ತಿಲ್ಲ. ಆಸ್ಪತ್ರೆಗೆ ಒಂದು ಫೋನು ಮಾಡಿದರೆ ತಿಳಿಯುತ್ತದೆ, ಎರಡು ತಿಂಗಳಿಂದ ಮಾಡಿಲ್ಲ. ನಾನೇ ವಿಚಾರಿಸಿ ಹೇಳಲೇ ಎನ್ನುತ್ತೇನೆ.

ಅವರು ಸ್ವೆಟರಿನ ತೋಳನ್ನು ಮತ್ತೆ ಅಂಗೈವರೆಗೆ ಎಳೆದುಕೊಳ್ಳುತ್ತಾರೆ.

"ಬೇಡ ಬಿಡಿ. ಅವ್ರು ಹೋಗ್ಬಿಟ್ರು ಅಂದ್ರೆ ನಾಳೆಯಿಂದ ಈ ಕುರ್ಚೀಲಿ ಕೂರಕ್ಕಾಗಲ್ಲ. ಬದುಕಿದ್ದಾರೆ ಅಂದ್ರೆ ಧೈರ್ಯ ಬಂದ್ಬಿಡತ್ತೆ. ಈ ಕೆಲಸಕ್ಕೆ ಧೈರ್ಯ ಆಗಿಬರಲ್ಲ."