ಮೈಕಮ್ಮನ ಬಾಯಲ್ಲಿ ಬಂದ ಮಾತು

ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು ಯಾವ ಬಸ್ಸು ಎಲ್ಲಿಗೆ ಹೊರಟಿತೆಂದು ಕೂಗಿ ಹೇಳುವುದು ಅವಳ ಕೆಲಸ. ಓಣಿಯವರಿಗೆಲ್ಲ ಅವಳು ಮೈಕಮ್ಮ. ತಮಾಷೆ ಬಂದಾಗ ಗಂಡನಿಗೂ. ಡ್ರೈವರ್ ಸೀಟಿಗೆ ಹತ್ತಿ ಕೂತದ್ದನ್ನು ಕಣ್ಣಾರೆ ಕಾಣುವ ತನಕ ಅವಳು ಮೈಕಿನ ಗುಂಡಿ ಒತ್ತುತ್ತಿರಲಿಲ್ಲ. ಹಾಗಾಗಿ ಅವಳು ಹೊರಡುತ್ತದೆ ಅಂದರೆ ಬಸ್ಸು ಹೊರಟಂತೆಯೇ.

ಆ ನಂಬಿಕೆಯ ಮೇಲೇ ಅಕ್ಕನ ಕಣ್ಣು ಬಿದ್ದದ್ದು. ಅಕ್ಕ ಅಂದರೆ ದೊಡ್ಡಮ್ಮನ ಮಗಳು. ಹೆತ್ತವಳು ಹೋದ ಮೇಲೆ ಮೈಕಮ್ಮನಿಗೆ ತಲೆ ಬಾಚಿ, ಜಡೆ ಹೆಣೆದು ಶಾಲೆಗೆ ಕಳಿಸಿದವಳು. ಊರಿನ ಶಾಲೆಗಳನ್ನು ನೋಡಿಕೊಳ್ಳುವ ಮಂಡಳಿಗೆ ಒಮ್ಮೆ ಗೆದ್ದು, ಈಗ ಎರಡನೇ ಸಲ ನಿಂತಿದ್ದಳು. ಎದುರಾಳಿ ಔಷಧಿ ಅಂಗಡಿಯವನು. ಮಂಡಳಿ ಬಾಗಿಲು ಹಾಕಿಕೊಂಡು ಸಭೆ ನಡೆಸಿ, ಓಣಿಯ ಪುಟ್ಟ ಶಾಲೆಯನ್ನು ಮುಚ್ಚಲು ತೀರ್ಮಾನಿಸಿದೆ, ಮಕ್ಕಳನ್ನು ಹೆದ್ದಾರಿಯಾಚೆಯ ದೊಡ್ಡ ಶಾಲೆಗೆ ದೂಡುತ್ತಾರೆ ಎಂದು ಅವನು ಕರಪತ್ರ ಹಂಚಿಬಿಟ್ಟಿದ್ದ.

ಅದನ್ನು ಓದಿದ ಮೈಕಮ್ಮ ಸೀದಾ ಅಕ್ಕನ ಮನೆಗೆ ಹೋದಳು. ಮಗಳಿಗೆ ಈಗಷ್ಟೇ ಆರು. ಓಣಿಯ ಶಾಲೆಗಾದರೆ ಗೋಡೆ ಸವರಿಕೊಂಡು ಒಬ್ಬಳೇ ಹೋಗಿಬರುತ್ತಾಳೆ. ಹೆದ್ದಾರಿಯಲ್ಲಿ? ಚಪ್ಪಲಿ ಕಳಚಿದರೆ ನಡುರಸ್ತೆಯಲ್ಲೇ ಬಗ್ಗಿ ಹಾಕಿಕೊಳ್ಳುವ ಮಗು ಅದು.

"ಅಕ್ಕ, ನಿಜ ಹೇಳು. ಮುಚ್ತಾರಾ?"

"ಅಯ್ಯೋ ಮಂಕೇ, ತಲೆನೋವಿನ ಮಾತ್ರೆ ಮಾರೋನು ಮೊದ್ಲು ತಲೆನೋವು ಬರಿಸ್ಬೇಕಲ್ಲ! ನೀನೇ ಒಂದು ಮಾತು ಮೈಕಲ್ಲಿ ಹೇಳ್ಬಿಡು. ನಾನು ಹೇಳಿದ್ರೆ ಓಟಿಗೋಸ್ಕರ ಅಂತಾರೆ."

"ಸಭೇಲಿ ಏನಾಯ್ತು ಅಂತ ನಾನು ನೋಡಿಲ್ವಲ್ಲ."

"ನಾನು ನೋಡಿದ್ದೀನಲ್ಲೇ. ನನ್ನ ಮೇಲೂ ನಂಬಿಕೆ ಇಲ್ವಾ?"

ಜಡೆ ಹೆಣೆದ ಕೈಗೆ ಇಲ್ಲ ಅನ್ನುವುದು ಹೇಗೆ? ಮೈಕಮ್ಮ ಹೇಳಿದಳು. "ನಮ್ಮ ಓಣಿಯ ಶಾಲೆ ಮುಚ್ಚುವುದಿಲ್ಲ. ಸುಳ್ಳು ಸುದ್ದಿಗೆ ಕಿವಿಗೊಡಬೇಡಿ." ಅಕ್ಕನ ಪ್ರಚಾರದ ಆಟೋ ರೆಕಾರ್ಡ್ ಮಾಡಿದ ಆ ಮಾತನ್ನು ಹೊತ್ತು ಬೀದಿ ಬೀದಿ ಸುತ್ತಿತು. ಮಗಳ ಕೆಮ್ಮಿಗೆ ಸಿರಪ್ ತರಲು ಹೋದಾಗ ಅಂಗಡಿಯವನು ಸೀಸೆ ಮುಂದಿಡುತ್ತಾ, "ತಾಯೀ, ನೀವೂನಾ?" ಎಂದಷ್ಟೇ ಕೇಳಿದ. ಅವಳಿಗೆ ಸಿಟ್ಟೇ ಬಂದಿತ್ತು.

ಅಕ್ಕ ಗೆದ್ದಳು. ರಜೆ ಮುಗಿದು ಮಕ್ಕಳು ಹೋದರೆ ಶಾಲೆಯ ಗೇಟಿಗೆ ಬೀಗ.

ಓಣಿಗೆ ಓಣಿಯೇ ಮಂಡಳಿಯ ಕಚೇರಿಗೆ ನುಗ್ಗಿತು. ಅಧ್ಯಕ್ಷರು ಕನ್ನಡಕ ಒರೆಸಿಕೊಳ್ಳುತ್ತಾ, "ಇದು ಹೊಸದೇನಲ್ಲಮ್ಮ. ಚುನಾವಣೆಗೆ ಮುಂಚೆನೇ ಆದ ತೀರ್ಮಾನ. ಎಲ್ಲಾರೂ ಕೈ ಎತ್ತಿದ್ವಿ, ಇವರೂ ಎತ್ತಿದ್ರು," ಎಂದು ಅಕ್ಕನ ಕಡೆ ತೋರಿಸಿದರು.

"ಮತ್ತೆ ಮುಚ್ಚಲ್ಲ ಅಂದ್ರಲ್ಲ!" ಹಾಲಿನವಳು ಚೀರಿದಳು.

ಅಕ್ಕ ಸೆರಗು ಸರಿಮಾಡಿಕೊಂಡಳು. "ನಾನು ಯಾವತ್ತಾದ್ರೂ ನನ್ನ ಬಾಯಲ್ಲಿ ಹಾಗಂದಿದ್ದೀನಾ? ಯಾರ ದನಿ ಇತ್ತೋ ಅವರನ್ನೇ ಕೇಳಿ."

ಎಲ್ಲರ ಮುಖ ಮೈಕಮ್ಮನತ್ತ ತಿರುಗಿತು. ಆಗ ಅವಳಿಗೆ ಒಂದೊಂದಾಗಿ ಹೊಳೆಯಿತು: ಪ್ರಚಾರದುದ್ದಕ್ಕೂ ಅಕ್ಕ ಮಾತಾಡಿದ್ದು ಬೆಂಚು, ನಲ್ಲಿ, ಆಟದ ಸಾಮಾನಿನ ಬಗ್ಗೆ. ಶಾಲೆ ಮುಚ್ಚುವ ಮಾತು ಬಂದಾಗಲೆಲ್ಲ "ನನ್ನ ತಂಗಿ ಹೇಳಿದ್ದಾಳಲ್ಲ" ಎಂದು ಜಾರಿಕೊಂಡಿದ್ದಳು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ.

"ನೀನೇ ತಾನೇ ಅಕ್ಕ, ನೋಡಿದ್ದೀನಿ ಅಂದಿದ್ದು?" ಎಂದಳು. ಅಕ್ಕ ಅಧ್ಯಕ್ಷರಿಗೆ ಏನೋ ಪಿಸುಗುಡುತ್ತಿದ್ದಳು.

ಹೊರಗೆ ಬಂದ ಮೇಲೆ ಹಾಲಿನವಳು ಅಂದಳು: "ನಿನ್ನ ಮುಖ ನೋಡಿ ಓಟು ಹಾಕಿದ್ವಲ್ಲೇ." ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ವಾರ ಕಳೆಯುವುದರೊಳಗೆ ಅಕ್ಕ ಏನೂ ಆಗದವಳಂತೆ ಗಾಜಿನ ಗೂಡಿಗೇ ಬಂದಳು.

"ಇನ್ನೂ ಮುನಿಸಾ? ಮಕ್ಕಳಿಗೆ ವ್ಯಾನ್ ಬಿಡ್ತೀವಿ ಅಂತ ಒಂದು ಸಲ ಹೇಳ್ಬಿಡೇ. ಜನ ತಣ್ಣಗಾಗ್ತಾರೆ. ನಿನ್ನ ಮಾತು ನಂಬ್ತಾರೆ."

"ವ್ಯಾನ್ ಎಲ್ಲಿದೆ?"

"ಬರತ್ತೆ ಕಣೇ."

"ನಂಬ್ತಿದ್ರು ಅಕ್ಕ," ಎಂದಳು ಮೈಕಮ್ಮ. "ನಾನೂ ನಿನ್ನನ್ನ ನಂಬ್ತಿದ್ದೆ." ಅಕ್ಕ ಮತ್ತೇನೋ ಹೇಳುತ್ತಿದ್ದಂತೆ ಕಿಟಕಿ ಎಳೆದುಕೊಂಡಳು.

ವ್ಯಾನು ಬರಲಿಲ್ಲ. ಮೈಕಮ್ಮ ಬೆಳಗಿನ ಪಾಳಿ ಬಿಟ್ಟುಕೊಟ್ಟು, ಹೆದ್ದಾರಿಯ ಅಂಚಿನಲ್ಲಿ, ಉಳಿದ ತಾಯಂದಿರಿಂದ ಒಂದಿಷ್ಟು ದೂರ, ಮಗಳ ಕೈ ಬಿಗಿಹಿಡಿದು ನಿಲ್ಲುತ್ತಾಳೆ. ಲಾರಿಗಳ ಸಾಲು ಮುಗಿದಾಗ ಹಾಲಿನವಳು "ಹ್ಞೂ, ಬನ್ನಿ!" ಎಂದು ಕೂಗುತ್ತಾಳೆ. ಎಲ್ಲರ ಹಿಂದೆ ಅವಳೂ ತುಟಿಪಿಟಕ್ಕೆನ್ನದೆ ದಾಟುತ್ತಾಳೆ.